ಗಾಡಿಯ ಹೊಟ್ಟೆ ನೋಡುವ ಮೇಡಂ

ಇಚಲಕರಂಜಿಯ ಟೆಂಪೋ ಸ್ಟ್ಯಾಂಡಿನಲ್ಲಿ ಆ ಮಾತು ನಡೆದಾಗ ನಾನು ಅಲ್ಲಿದ್ದೆನೋ ಇಲ್ಲವೋ, ಈಗ ಖಚಿತವಿಲ್ಲ. ಡ್ರೈವರನ ಕೆಂಪೇರಿದ ಮುಖವೇನೋ ಕಣ್ಣಿಗೆ ಕಟ್ಟಿದಂತಿದೆ. ಆದರೆ ಪಾರ್ವತಿ ಮೇಡಂ ಆ ಪ್ರಸಂಗವನ್ನು ಅದೆಷ್ಟೋ ಸಲ ಅಭಿನಯಿಸಿ ಹೇಳಿದ್ದರು. ಕೇಳಿದ್ದೇ ಕಂಡದ್ದಾಗಿರಬಹುದು.

ಅವರ ಜೊತೆ ರಸ್ತೆಯಲ್ಲಿ ನಡೆಯುವುದು ಕಷ್ಟ. ಯಾವ ಟೆಂಪೋ ಎದುರಾದರೂ ನಿಂತು, ಕತ್ತು ಚಾಚಿ, ಹಿಂದೆ ಏನು ತುಂಬಿದೆ ಎಂದು ಇಣುಕುತ್ತಿದ್ದರು. ಗಡಹಿಂಗ್ಲಜದ ವ್ಯಾಪಾರಸ್ಥರ ಮನೆಯವರು, ಕೊಲ್ಹಾಪುರದಲ್ಲಿ ನಮ್ಮ ಪ್ರಾಧ್ಯಾಪಕಿ. ಜಿಲ್ಲೆಯ ವಾಹನಗಳು ಎಷ್ಟು ಇಂಧನ ಸುಡುತ್ತವೆ, ಎಷ್ಟು ಇಂಗಾಲ ಉಗುಳುತ್ತವೆ ಎಂದು ಲೆಕ್ಕ ಹಾಕುವ ಗಣಿತದ ಮಾದರಿಯೊಂದನ್ನು ಕಟ್ಟುತ್ತಿದ್ದರು. ನಾನು ಅವರ ಸಂಶೋಧನಾ ವಿದ್ಯಾರ್ಥಿ. ನಾವು ಹೊಗೆಯ ಮಾತೆತ್ತಿದರೆ ತಡೆಯುತ್ತಿದ್ದರು: "ಹೊಗಿ ಏನ್ ನೋಡ್ತೀಯೋ ತಮ್ಮಾ, ಗಾಡಿ ಹೊಟ್ಟಿ ನೋಡು." ಬಟ್ಟೆ ಇಳಿಸಿದ ಟೆಂಪೋ ಬರಿದೇ ಮರಳಿದರೆ ಆ ಡೀಸೆಲ್ ಯಾರ ಕೆಲಸಕ್ಕೂ ಬಾರದೆ ಸುಟ್ಟಂತೆ ಎಂಬುದು ಅವರ ವಾದ.

ಸ್ಕೂಟರಿನ ಹಿಂದಿನ ಸೀಟು ಖಾಲಿ ಹೋಗುವುದೂ ಅವರಿಗೆ ಸಹಿಸದು. ಕೈ ಮಾಡಿ ನಿಲ್ಲಿಸಿ ಹತ್ತಿಬಿಡುತ್ತಿದ್ದರು. ಒಮ್ಮೆ ಪೊಲೀಸನೊಬ್ಬನ ಬೈಕ್ ಹತ್ತಿ ಬಂದಾಗ, ಪೊಲೀಸರು ಮೇಡಂ ಅವರನ್ನು ಹಿಡಿದು ತಂದರೆಂದು ವಿಶ್ವವಿದ್ಯಾಲಯದ ಗೇಟಿನ ಕಾವಲುಗಾರ ಗಾಬರಿಯಾಗಿದ್ದ.

ಆ ಮಾದರಿ ನಿವೃತ್ತಿಗೆ ಮುಂಚಿನ ಅವರ ಕೊನೆಯ ಕೆಲಸ. ಸಾರಿಗೆ ಯೋಜನೆಯೊಂದು ಅದನ್ನೇ ಆಧಾರವಾಗಿ ಇಟ್ಟುಕೊಳ್ಳುವುದಿತ್ತು. ನಾವು ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಸ್ಟ್ಯಾಂಡುಗಳಲ್ಲಿ ಡ್ರೈವರುಗಳನ್ನು ಕೇಳಿ ಬಂದೆವು. ಉತ್ತರ ವಿಚಿತ್ರವಾಗಿತ್ತು: ಹೆಚ್ಚುಕಡಿಮೆ ಯಾರೂ ಖಾಲಿ ಮರಳುವುದಿಲ್ಲವಂತೆ. ನಮಗೆ ಖುಷಿ. ಮೇಡಂ ಮಾತ್ರ ನಂಬಲಿಲ್ಲ. ದಿನಾ ಇಣುಕಿ ನೋಡಿದ ಕಣ್ಣು ಬೇರೆಯೇ ಹೇಳುತ್ತಿತ್ತು.

ತಾವೇ ಇಚಲಕರಂಜಿಗೆ ಹೋದರು. ಮಲ್ಲಪ್ಪನೆಂಬ ಡ್ರೈವರ್ ಸಿಕ್ಕ. ಪವರ್‌ಲೂಮ್ ಕೆಲಸಕ್ಕೆಂದು ಕರ್ನಾಟಕದಿಂದ ಬಂದವರ ಮಗ. ನಾವು ಕೇಳಿದ್ದ ಪ್ರಶ್ನೆಯನ್ನೇ ಮೇಡಂ ಕೇಳಿದರು: "ಹೊಳ್ಳಿ ಬರೂಮುಂದ ರಿಕಾಮಿ ಬರ್ತೀರೇನ್ರಿ?"

"ರಿಕಾಮಿ ಅಂತ ಯಾರಿಗಂತೀರಿ ಮ್ಯಾಡಂ? ದುಡದು ತಿನ್ನಾವ ಅದೇನಿ ನಾ."

ಅವನ ಬೆನ್ನ ಹಿಂದೆಯೇ ಬರಿದಾದ ಟೆಂಪೋ, ಮಡಚಿಟ್ಟ ಟಾರ್ಪಾಲು.

ಮೇಡಂ ಅವರ ಮನೆಯ ಅಂಗಡಿಯಲ್ಲಿ ರಿಕಾಮಿ ಎಂದರೆ ಖಾಲಿ ಚೀಲ, ಖಾಲಿ ಡಬ್ಬಿ. ಸ್ಟ್ಯಾಂಡಿನಲ್ಲಿ ಅದು ಕೆಲಸವಿಲ್ಲದೆ ತಿರುಗುವವನನ್ನು ಹಂಗಿಸುವ ಮಾತು. ಯಾವ ಡ್ರೈವರ್ ತಾನೇ ಹೌದೆನ್ನುತ್ತಾನೆ? ಪ್ರಶ್ನೆ ಬರೆದವರು ಮೇಡಂ ಅವರೇ.

ವಿಭಾಗದ ಹಿರಿಯರೊಬ್ಬರು ಸಮಾಧಾನ ಹೇಳಿದರು: ಮತ್ತೆ ಕೇಳಿ ಬರಲು ಸಮಯವಿಲ್ಲ, ಖಾಲಿ ಓಡಾಟವನ್ನು ತುಸು ಏರಿಸಿ ಬರೆದರಾಯಿತು, ಮಾದರಿಯೆಂದರೆ ಹೇಗೂ ಅಂದಾಜೇ ತಾನೆ. ಈ ಮಾತಿಗೆ ಮಾತ್ರ ನಾನೇ ಸಾಕ್ಷಿ. ಮೇಡಂ ಕನ್ನಡಕ ಒರೆಸಿಕೊಳ್ಳುತ್ತ, "ಅಂದಾಜ ಮಾಡೂದು ಬ್ಯಾರೆ ಸರ್, ನಮಗ ಬೇಕಾದಂಗ ಮಾಡ್ಕೊಳ್ಳೂದು ಬ್ಯಾರೆ" ಎಂದರು. ಯೋಜನೆಯ ಸಭೆಯಲ್ಲಿ ಎದ್ದು ನಿಂತು, ನನ್ನ ಪ್ರಶ್ನೆ ತಪ್ಪಿತ್ತು, ಹಾಗಾಗಿ ಉತ್ತರವೂ ತಪ್ಪು ಎಂದು ಹೇಳಿ, ಮಲ್ಲಪ್ಪನ ಸಿಟ್ಟನ್ನು ಅಭಿನಯಿಸಿ ತೋರಿಸಿದರು. ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕೆಲಸ ಬೇರೆಯವರ ಪಾಲಾಯಿತು.

ನಿವೃತ್ತಿಯ ದಿನ ಗಡಹಿಂಗ್ಲಜದ ಬಸ್ಸಿಗೆ ಬಿಡಲು ಹೋಗಿದ್ದೆ. ಕಿಟಕಿಯಿಂದ ಬಾಗಿ, "ಇನ್ ಮ್ಯಾಲೆ ನಾ ಖರೇನ ರಿಕಾಮಿ ನೋಡಪಾ" ಎಂದರು. ನಕ್ಕರು. ಅಥವಾ ನಕ್ಕರೆಂದು ನಾನು ಸೇರಿಸಿಕೊಂಡಿದ್ದೇನೆ. ಮತ್ತೆ ಅವರನ್ನು ನೋಡಲಿಲ್ಲ.

ಅವರು ತೀರಿಕೊಂಡ ಮೇಲೆ ಶೋಕಸಭೆಯಲ್ಲಿ ಯಾರೋ ಹೇಳಿದರು: ಯಾರೂ ಕೇಳದಿದ್ದರೂ ಮೇಡಂ ಕೊನೆಯವರೆಗೂ ಸ್ಟ್ಯಾಂಡುಗಳಲ್ಲಿ ನಿಂತು ಡ್ರೈವರುಗಳನ್ನು ವಿಚಾರಿಸುತ್ತಿದ್ದರಂತೆ. ಸತ್ತವರ ಬಗ್ಗೆ ಇಂಥವು ಹುಟ್ಟಿಕೊಳ್ಳುತ್ತವೆ. ನಂಬದೆ ಇಚಲಕರಂಜಿಗೆ ಹೋಗಿ ಮಲ್ಲಪ್ಪನನ್ನು ಹುಡುಕಿದೆ.

"ಬರ್ತಿದ್ರಲ್ರೀ," ಎಂದ. "ಹೊಳ್ಳಿ ಬರೂಮುಂದ ಏನ್ ತರ್ತೀಯಪಾ ಮಲ್ಲಪ್ಪಾ, ಅಂತ ಕೇಳತಿದ್ರು. ಏನೂ ಇಲ್ರಿ ಅಂತಿದ್ದೆ."

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲೂ ಕೇಳಿದೆ. ಅಲ್ಲಿಗೂ ಬರುತ್ತಿದ್ದರು.