ಹುಣಸೆ ಬೀಜದಷ್ಟು ದೇಶ

ರಂಗಪ್ಪನ ಬಳಿ ಎರಡು ಅಳತೆಪಟ್ಟಿಗಳಿದ್ದವು. ಒಂದು ಎಲ್ಲರ ಮನೆಯಲ್ಲೂ ಇರುವಂಥದು. ಇನ್ನೊಂದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟ್ರನ್ ಶಾಪಿನ ಲೆಕ್ಕದ್ದು. ಅದರ ಒಂದು ಅಡಿ ಅಂಗಡಿಯ ಒಂದು ಅಡಿಗಿಂತ ಎಳ್ಳು ಕಾಳಿನಷ್ಟು ಉದ್ದ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ, ಅದಕ್ಕೇ ಅಚ್ಚು ಮಾಡುವವನು ಮರವನ್ನು ಅಷ್ಟು ಹೆಚ್ಚಿಗೆ ಬಿಟ್ಟು ಕೆತ್ತಬೇಕು. ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟು ಉಳಿ ಹಿಡಿದ ರಂಗಪ್ಪ ಇಪ್ಪತ್ತು ವರ್ಷ ಆ ಉದ್ದನೆಯ ಪಟ್ಟಿಯಲ್ಲೇ ಅಳೆದವನು. ಅವನು ಕೆತ್ತಿದ ಅಚ್ಚಿನ ಮೇಲೆ ಸೂಪರ್‌ವೈಸರುಗಳು ಎರಡನೇ ಸಲ ಅಳತೆ ಹಿಡಿಯುತ್ತಿರಲಿಲ್ಲ. ಹಿಡಿದರೆ ಅವನು ಸುಮ್ಮನಿರುತ್ತಲೂ ಇರಲಿಲ್ಲ.

ಇಂಥವನು ಲೋಕದ ವಿಚಾರಕ್ಕೆ ಬಿದ್ದದ್ದು ಒಂದು ಮುರಿದ ಕುರ್ಚಿಯಿಂದ. ಶಿವಮೊಗ್ಗದ ಗೋಪಾಳದಲ್ಲಿ ಗಂಗಾಧರಪ್ಪ ಮೇಷ್ಟ್ರು ಅಂತ ಒಬ್ಬರಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ರಿಟೈರ್ ಆದವರು. ಊರಿನ ಜನಕ್ಕೆ ಹೊರಗಿನ ದೇಶಗಳಲ್ಲಿ ಏನಾಗುತ್ತಿದೆ, ಯಾಕಾಗುತ್ತಿದೆ ಅಂತ ತಿಳಿಸಿ ಹೇಳಲು ‘ಲೋಕವಿಚಾರ ಬಳಗ’ ಎಂಬ ಸಂಘವನ್ನು ರಿಜಿಸ್ಟರ್ ಮಾಡಿಸಿ, ಪ್ರತಿ ಭಾನುವಾರ ತಮ್ಮ ಮನೆಯ ಹಾಲಿನಲ್ಲೇ ಸಭೆ ನಡೆಸುತ್ತಿದ್ದರು. ಫೀಸು ಇಲ್ಲ, ಚಂದಾ ಇಲ್ಲ, ಕೊನೆಗೆ ಒಂದು ಲೋಟ ಕಾಫಿ. ಕುರ್ಚಿ ರಿಪೇರಿಗೆ ಬಂದ ರಂಗಪ್ಪ ಅಂಟು ಒಣಗುವವರೆಗೆ ಹಿಂದೆ ಗೋಡೆಗೊರಗಿ ಕೂತ. ಪ್ಯಾಂಟಿನ ಇಸ್ತ್ರಿ ಮುರಿಯದಂತೆ ನಿಂತಿದ್ದ ಒಬ್ಬ ಭಾಷಣಕಾರರು ನಮೀಬಿಯಾ ದೇಶದ ಬಗ್ಗೆ ಒಂದು ಗಂಟೆ ಮಾತಾಡಿದರು. ಮುಗಿದ ಮೇಲೆ ರಂಗಪ್ಪ ಎದ್ದ.

“ಸ್ವಾಮಿ, ಅದು ಎಲ್ಲಿದೆ?”

ಸಭೆ ಗೊಳ್ಳೆಂದು ನಕ್ಕಿತು. ಭಾಷಣಕಾರರು ಗೋಡೆಯ ನಕ್ಷೆಯತ್ತ ಕೈ ಬೀಸಿ, “ಅಲ್ಲೇ, ಆಫ್ರಿಕಾದಲ್ಲಿ” ಎಂದರು.

“ಅಲ್ಲೇ ಅಂದ್ರೆ ಎಲ್ಲಿ? ಬೆರಳಿಡಿ ನೋಡೋಣ.”

ಬೆರಳು ಆಫ್ರಿಕಾದ ಮೇಲೆ ನೊಣದ ಹಾಗೆ ಸುತ್ತಿ, ಕೂರಬಾರದ ಕಡೆ ಕೂತಿತು. ಮೇಷ್ಟ್ರು ಎದ್ದು ಹೋಗಿ, ಅವರ ಮಾನ ಹೋಗದ ಹಾಗೆ ಮೆಲ್ಲಗೆ ಅದನ್ನು ಸರಿಯಾದ ಜಾಗಕ್ಕೆ ಸರಿಸಿದರು.

ಎಲ್ಲರೂ ಹೋದ ಮೇಲೆ ರಂಗಪ್ಪ ಉರಿಯುತ್ತಲೇ ಇದ್ದ. “ನಕ್ರಲ್ಲ ಮೇಷ್ಟ್ರೇ, ಓದ್ದೋರು!”

“ನಕ್ಕೋರಿಗೂ ಗೊತ್ತಿರ್ಲಿಲ್ಲ ಮಾರಾಯ, ಅದಕ್ಕೇ ನಕ್ರು. ಇಂಥ ಪ್ರಶ್ನೆ ಯಾರಾದ್ರೂ ಕೇಳ್ಲಿ ಅಂತ ಎರಡು ವರ್ಷದಿಂದ ಕಾಯ್ತಿದ್ದೆ. ಮುಂದಿನ ವಾರ ಕುರ್ಚಿ ಇಲ್ದೇ ಬಾ.”

ರಂಗಪ್ಪ ಹೋದ. ಒಂದು ವಾರವಲ್ಲ, ಒಂದೂವರೆ ವರ್ಷ ಹೋದ. ಆಮೇಲೆ ಮೇಷ್ಟ್ರ ಮುಂದೆ ಕೂತು ಒಂದು ಮಾತು ಹೇಳಿದ. “ನಿಮ್ಮ ಬಳಗ ಇಲ್ಲೇ ಗೋಪಾಳದಲ್ಲಿ ಕೂತ್ರೆ ಬರೋರು ಬರ್ತಾರೆ. ನಮ್ಮ ಭದ್ರಾವತಿ ನ್ಯೂ ಟೌನಿಗೂ ಬರ್ಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರಲ್ಲ, ಕಾಗದದ ನಕ್ಷೆ ತಗೊಂಡು ಏನ್ ಮಾಡ್ತಾರೆ? ನಾನು ಮರದಲ್ಲಿ ಮಾಡ್ತೀನಿ. ಮುಟ್ಟಿ ನೋಡ್ಲಿ.”

ಹಾಗೆ ಶುರುವಾಯಿತು ಮರದ ಲೋಕ. ಎಂಟಡಿ ಅಗಲ. ಒಂದೊಂದು ದೇಶವೂ ಒಂದೊಂದು ಬಿಡಿ ತುಂಡು, ತೆಗೆದು ಕೈಯಲ್ಲಿ ಹಿಡಿಯಬಹುದು, ಮತ್ತೆ ಅದರ ಜಾಗದಲ್ಲಿ ಕೂರಿಸಬಹುದು. ಸಾಮಿಲ್ಲಿನಿಂದ ಹಲಸಿನ ಹಲಗೆ ತಂದ. “ಕಾರ್ಖಾನೆ ಮರ ತಾನೆ?” ಎಂದು ಕಣ್ಣು ಮಿಟುಕಿಸಿದವನ ಮೂಗಿಗೆ ಸಾಮಿಲ್ಲಿನ ರಸೀದಿ ಹಿಡಿದ. ಶಿಫ್ಟು ಮುಗಿಸಿ ಬಂದವನು ಅಂಗಳದಲ್ಲಿ ಕೂತರೆ ಊಟಕ್ಕೆ ಮೂರು ಸಲ ಕೂಗಬೇಕು.

“ಒಂದು ಈಳಿಗೆ ಮಣೆ ಮಾಡ್ಕೊಡಿ ಅಂದ್ರೆ ಪುರುಸೊತ್ತಿಲ್ಲ, ಬೆಳಿಗ್ಗೆಯಿಂದ ಅಮೆರಿಕ ಉಜ್ತಾ ಕೂತವ್ರೆ,” ಎಂದು ಹೆಂಡತಿ ಪುಟ್ಟಲಕ್ಷ್ಮಿ ಅಕ್ಕಪಕ್ಕದವರಿಗೆ ಕೇಳುವಂತೆ ಹೇಳುತ್ತಿದ್ದಳು.

ಐದು ತಿಂಗಳಾದ ಮೇಲೆ ಎಲ್ಲ ತುಂಡುಗಳನ್ನೂ ಚೌಕಟ್ಟಿನಲ್ಲಿ ಜೋಡಿಸಲು ಕೂತರೆ ಲೋಕ ಹಿಡಿಸಲಿಲ್ಲ. ಸರಿಯಾಗಿ ಒಂದಿಂಚು ಹೆಚ್ಚು. ಚೌಕಟ್ಟು ಮಾಡಿದ ಪೇಟೆಯ ಬಡಗಿಯನ್ನು ಬೈದು ಬಂದ. ಮತ್ತೆ ಅಳೆದ. ಚೌಕಟ್ಟು ಸರಿಯಾಗಿಯೇ ಇತ್ತು. ಆಗ ಅವನ ಕಣ್ಣು ತೊಡೆಯ ಮೇಲಿದ್ದ ಪಟ್ಟಿಯ ಮೇಲೆ ಬಿತ್ತು. ಕೈ ರೂಢಿಯ ಮೇಲೆ ಕಾರ್ಖಾನೆಯ ಪಟ್ಟಿಯನ್ನೇ ಹಿಡಿದಿತ್ತು! ಎರಕ ಹೊಯ್ಯುವ ಕಬ್ಬಿಣಕ್ಕೆ ಬಿಡುವಂತೆ ಇಡೀ ಲೋಕಕ್ಕೆ ಕುಗ್ಗುವ ಲೆಕ್ಕ ಬಿಟ್ಟು ಕೆತ್ತಿದ್ದ. ಹಲಸಿನ ಮರ ಏನು ಕುಗ್ಗುತ್ತದೆ?

ಮುಂದಿನ ಭಾನುವಾರವೇ ನ್ಯೂ ಟೌನಿನ ಮೊದಲ ಸಭೆ. ರಷ್ಯಾದಿಂದ ಚೂರು ಹೆರೆದ, ಕೆನಡಾದಿಂದ ಚೂರು, ಚೀನಾದಿಂದ ಚೂರು. ಎಲ್ಲ ಕೂತರೂ ಅರಬ್ಬರ ಮೂಲೆಯಲ್ಲಿ ಇರಾಕಿಗೂ ಸೌದಿಗೂ ನಡುವೆ ಒಂದು ತುಂಡು ಕೂರಲೇ ಇಲ್ಲ. ಹುಣಸೆ ಬೀಜದಷ್ಟು ಚಿಕ್ಕದು. ಎರಡು ಸಲ ಒತ್ತಿ ನೋಡಿ ರಂಗಪ್ಪ ಅದನ್ನು ಹೊಟ್ಟಿನ ಜೊತೆ ಗುಡಿಸಿ ಹಾಕಿದ. ಇಷ್ಟು ದೊಡ್ಡ ಲೋಕದಲ್ಲಿ ಇದನ್ನು ಯಾರು ಕೇಳುತ್ತಾರೆ?

ಸಭೆ ಜೋರಾಗಿಯೇ ನಡೆಯಿತು. ಗಣಪತಿ ಕೂರಿಸುವ ಶೆಡ್ಡಿನಲ್ಲಿ ತಿಂಗಳಿಗೆರಡು ಸಲ ಎಪ್ಪತ್ತು ಎಂಬತ್ತು ಜನ. ಒಂದೇ ಕಟ್ಟಳೆ: ಯಾವ ದೇಶದ ಬಗ್ಗೆ ಮಾತಾಡಬೇಕಾದರೂ ಮೊದಲು ಎದ್ದು ಬಂದು ಅದರ ಮೇಲೆ ಬೆರಳಿಡಬೇಕು. ಬೆರಳು ತಪ್ಪಿದರೆ ಮಾತಿಲ್ಲ, ಪ್ರೊಫೆಸರಾದರೂ ಸರಿ.

ತೊಂಬತ್ತನೇ ಇಸವಿಯ ಆಗಸ್ಟಿನ ಮೊದಲಲ್ಲಿ ಗಣಪತಿಗೆಂದು ಶೆಡ್ಡು ಖಾಲಿ ಮಾಡಿದ್ದರು. ಮರದ ಲೋಕ ರಂಗಪ್ಪನ ಮನೆಯ ಜಗುಲಿಗೆ ಒರಗಿತ್ತು. ಒಂದು ಬೆಳಿಗ್ಗೆ ದುರ್ಗಮ್ಮ ಬಂದಳು. ಕಾರ್ಖಾನೆಯ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ ಮಾರುವವಳು. ಗಂಡ ಯೋಗರಾಜ್ ವೆಲ್ಡರು, ದುಡಿಯಲು ಹೊರದೇಶಕ್ಕೆ ಹೋಗಿ ಎರಡು ವರ್ಷವಾಗಿತ್ತು.

“ರಂಗಣ್ಣ, ಕುವೈತ್ ಮೇಲೆ ಯಾರೋ ದಂಡು ತಗೊಂಡು ಬಿದ್ದವ್ರಂತೆ. ರೇಡಿಯೋದಲ್ಲಿ ಬಂತಂತೆ. ಅದು ಎಲ್ಲೈತೆ ತೋರ್ಸಿ. ನಮ್ಮ ಯಜಮಾನ್ರು ಅಲ್ಲೇ ಇರೋದು.”

ರಂಗಪ್ಪನ ಬೆರಳು ಸೀದಾ ಅರಬ್ಬರ ಮೂಲೆಗೆ ಹೋಗಿ ಅಲ್ಲೇ ನಿಂತಿತು. ಬೆರಳ ಕೆಳಗೆ ಇರಾಕಿನ ಅಂಚು, ಸೌದಿಯ ಅಂಚು, ನಡುವೆ ಒಂದು ಗೀರು. ಬೇರೆಯವರನ್ನು ಬೈಯಲು ಬರುವ ಕೋಪ ಅವತ್ತು ಬರಲಿಲ್ಲ.

“ಇಲ್ಲ ಕಣಮ್ಮ. ನಾನು ಹಾಕಿಲ್ಲ.”

“ಹಾಕಿಲ್ಲ ಅಂದ್ರೆ?”

“ಚಿಕ್ಕದಿತ್ತು. ಕೂರ್ಲಿಲ್ಲ. ಬಿಟ್ಬಿಟ್ಟೆ.”

ದುರ್ಗಮ್ಮ ಒಂದು ಗಳಿಗೆ ಆ ಗೀರನ್ನೇ ನೋಡಿದಳು. “ಹಂಗಾದ್ರೆ ಇಲ್ದೇ ಇರೋ ದೇಶಕ್ಕೆ ಹೋದ್ರಾ ನನ್ನ ಗಂಡ?” ಎಂದಳು. ಕೂಗಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟಳು.

ರಂಗಪ್ಪ ಅವತ್ತು ಇಡ್ಲಿಗಾಡಿಯ ಕಡೆಯ ಗೇಟು ಬಿಟ್ಟು ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋದ. ಮಾರನೆಯ ದಿನ ರಜೆ ಹಾಕಿ ಇಡೀ ನಕ್ಷೆ ಬಿಚ್ಚಿದ. ದೊಡ್ಡ ದೊಡ್ಡ ದೇಶಗಳನ್ನೆಲ್ಲ ಮತ್ತೆ ಹೆರೆದು ಆ ಮೂಲೆಯಲ್ಲಿ ಒಂದು ಗೂಡು ತೆಗೆದ. ಹೊಸದಾಗಿ ಹುಣಸೆ ಬೀಜದಷ್ಟು ತುಂಡು ಕೆತ್ತಿ, ಅಂಚು ಉಜ್ಜಿ, ಇಡ್ಲಿಗಾಡಿಯ ಮುಂದೆ ಹೋಗಿ ನಿಂತ.

“ತಪ್ಪಾಯ್ತು ತಾಯಿ. ಇದು ಕುವೈತ್. ಇದನ್ನ ನೀನೇ ಇಟ್ಕೋ. ಯೋಗರಾಜ್ ಬಂದ ದಿನ ನೀನೇ ಬಂದು ಕೂರ್ಸು. ಅಲ್ಲೀವರೆಗೂ ಆ ಗೂಡು ಖಾಲಿ ಇರ್ಲಿ. ನೋಡಿದೋರು ಕೇಳ್ಲಿ, ನಾನು ಹೇಳ್ತೀನಿ.”

ದುರ್ಗಮ್ಮ ಅದನ್ನು ಒರೆಸಿ ಅರಿಸಿನದ ಡಬ್ಬಿಯಲ್ಲಿ ಹಾಕಿದಳು.

ಒಂದು ತಿಂಗಳು ಸುದ್ದಿಯೇ ಇಲ್ಲ. ಫೋನು ಸತ್ತಿತ್ತು, ಟಪಾಲು ನಿಂತಿತ್ತು. ಸೆಪ್ಟೆಂಬರಿನಲ್ಲಿ ವೇಲೂರಿನಿಂದ ತಮಿಳಿನ ಒಂದು ಕಾಗದ ಬಂತು. ಯೋಗರಾಜನ ಜೊತೆ ಕೆಲಸ ಮಾಡುತ್ತಿದ್ದವನದು. ಕಾರ್ಖಾನೆಯ ಮನೆಗಳ ಪಕ್ಕದ ಲೈನಿನ ತಮಿಳರು ಓದಿ ಹೇಳಿದರು: ಇಬ್ಬರೂ ಲಾರಿ ಹತ್ತಿ ಬಸ್ರಾ ಎಂಬ ಊರಿಗೆ ಬಂದೆವು, ಅಲ್ಲಿ ಗುಂಪಿನಲ್ಲಿ ಕೈ ತಪ್ಪಿತು, ನಾನು ಊರು ಸೇರಿದೆ, ಯೋಗರಾಜ್ ಹಿಂದೆ ಬರುತ್ತಿರಬೇಕು.

ಬಸ್ರಾ ಎಲ್ಲಿದೆ ಎಂದು ಕ್ಯಾಂಟೀನಿನ ಧರ್ಮಪ್ಪ ಹೇಳಿದ. ಎಲುಬಿಲ್ಲದ ನಾಲಿಗೆ, ಅದಕ್ಕೇನು ಕಷ್ಟ? “ಇರಾಕಿನೊಳಗಿದೆ. ಹೊಡೆಯೋಕೆ ಬಂದವನ ಮನೆಗೇ ಹೋಗಿ ಬಿದ್ದವ್ನೆ. ಹುಲಿ ಬಾಯಿಂದ ತಪ್ಪಿಸ್ಕೊಂಡು ಹುಲಿ ಗವಿ ಹೊಕ್ಕಂಗೆ. ಮುಗೀತು ಬಿಡ್ರಿ.”

ಯೋಗರಾಜನ ತಾಯಿ ಲಿಂಗಮ್ಮ ಅನ್ನ ಬಿಟ್ಟಳು. ಮನೆಗೆ ಬಂದ ಹೆಂಗಸರು ದುರ್ಗಮ್ಮನ ಮುಡಿಯ ಹೂವನ್ನು ಒಂಥರಾ ನೋಡತೊಡಗಿದರು. ಮೂರನೆಯ ದಿನ ದುರ್ಗಮ್ಮ ಗಾಡಿ ಬಿಟ್ಟು ರಂಗಪ್ಪನ ಜಗುಲಿಗೆ ಬಂದಳು.

“ಹೂ ತೆಗೀಬೇಕಾ ಬೇಡ್ವಾ, ಅಷ್ಟು ಹೇಳಿ ರಂಗಣ್ಣ.”

ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದ ಸಮಾಧಾನ ಹೇಳಿ ಕಳಿಸುತ್ತಿದ್ದರು. ರಂಗಪ್ಪ ಹೇಳಿದ್ದು ಇಷ್ಟೆ: “ಸಾಯಂಕಾಲದವರೆಗೂ ಟೈಮು ಕೊಡು.” ಶರ್ಟು ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಗೋಪಾಳದಲ್ಲಿ ಮೇಷ್ಟ್ರು ಆಗಸ್ಟಿನಿಂದ ರೇಡಿಯೋ ಕಿವಿಗೆ ಹಚ್ಚಿಕೊಂಡು ಕೇಳಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಇಬ್ಬರೂ ಅದನ್ನು ಮುಂದಿಟ್ಟುಕೊಂಡು, ಪೇಪರಿನ ಕಟ್ಟು ಹರವಿಕೊಂಡು ಎರಡು ಗಂಟೆ ಕೂತರು.

ಸಾಯಂಕಾಲ ಜಗುಲಿಯ ಮುಂದೆ ಇಡೀ ಲೈನಿನ ಜನ. ಲಿಂಗಮ್ಮನನ್ನು ಇಬ್ಬರು ಹಿಡಿದು ತಂದು ಕೂರಿಸಿದ್ದರು. ಧರ್ಮಪ್ಪನೂ ಬಂದಿದ್ದ, ಕೈ ಕಟ್ಟಿಕೊಂಡು.

“ಬಾರಯ್ಯ ಧರ್ಮಪ್ಪ,” ಎಂದ ರಂಗಪ್ಪ. “ಬೆರಳಿಡು. ಇದು ಕುವೈತಿನ ಗೂಡು. ಇಲ್ಲಿಂದ ಹೊರಗೆ ಬರೋಕೆ ದಾರಿ ತೋರ್ಸು.”

“ಈ ಕಡೆ ಸಮುದ್ರ ಐತಲ್ಲ.”

“ದೋಣಿ ಯಾರು, ನಿಮ್ಮಪ್ಪ ಕಳಿಸ್ತಾನಾ? ಲಕ್ಷಾಂತರ ಜನ ಅವ್ರೆ ಅಲ್ಲಿ.”

“ಕೆಳಗಡೆ ಸೌದಿ…”

“ಅಲ್ಲಿ ಎರಡೂ ಕಡೆ ದಂಡು ಕೂತಿದೆ. ಅದನ್ನ ದಾಟಿ ಎಷ್ಟು ಜನ ಹೋಗ್ತಾರೆ? ಇನ್ನೇನು ಉಳೀತು?”

ಧರ್ಮಪ್ಪನ ಬೆರಳು ಬೇರೆ ದಾರಿಯಿಲ್ಲದೆ ಮೇಲೆ ಸರಿದು ಇರಾಕಿನ ಮೇಲೆ ನಿಂತಿತು. ಜನ ನಕ್ಕರು. ರಂಗಪ್ಪ ನಗಲಿಲ್ಲ. ದುರ್ಗಮ್ಮನ ಕೈ ಹಿಡಿದು ಅವಳ ಬೆರಳನ್ನೇ ನಡೆಸಿದ.

“ಇಲ್ಲಿ ಬಸ್ರಾ. ಇಲ್ಲಿಂದ ಮೇಲೆ ಬಾಗ್ದಾದ್. ಇಲ್ಲಿಂದ ಹೀಗೆ ಮರಳುಗಾಡು, ಬರೀ ಬಿಸಿಲು, ನೀರಿಲ್ಲ. ಇದು ದಾಟಿದ್ರೆ ಜೋರ್ಡಾನ್. ಇಲ್ಲಿ ಅಮ್ಮಾನ್ ಅಂತ ಊರು. ಅಲ್ಲಿಂದ ನಮ್ಮ ವಿಮಾನಗಳು ಜನಾನ ಬೊಂಬಾಯಿಗೆ ತುಂಬ್ಕೊಂಡು ಬರ್ತಿವೆ, ದಿನಾ. ಆ ವೇಲೂರಿನವನು ಬಂದದ್ದು ಇದೇ ದಾರೀಲೆ. ಬಸ್ರಾ ಹುಲಿ ಗವಿ ಅಲ್ಲ ಕಣಮ್ಮ, ಮನೆ ಕಡೆಗಿರೋ ಬಾಗಿಲು.”

“ಹಂಗಾದ್ರೆ ಬದುಕವ್ರೆ ಅನ್ನಿ,” ಎಂದಳು ದುರ್ಗಮ್ಮ.

ಎಲ್ಲರೂ ರಂಗಪ್ಪನ ಬಾಯಿ ನೋಡುತ್ತಿದ್ದರು. ‘ಹೂಂ’ ಎಂದಿದ್ದರೆ ಅವತ್ತು ಅವನ ಕಾಲಿಗೆ ಬೀಳುತ್ತಿದ್ದರು.

“ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ. ದಾರಿ ಇದೆ, ಅವನು ಆ ದಾರೀಲಿ ಕಾಲಿಟ್ಟವ್ನೆ, ಇಷ್ಟು ಸತ್ಯ. ಹೂ ತೆಗೆಯೋಕೆ ಇನ್ನೂ ಯಾವ ಕಾರಣನೂ ಬಂದಿಲ್ಲ.”

ಲಿಂಗಮ್ಮ ತಾನೂ ಒಂದು ಸಲ ಬೆರಳಿನಲ್ಲಿ ಆ ದಾರಿ ಸವರಿದಳು. ಖಾಲಿ ಗೂಡಿನಿಂದ ಅಮ್ಮಾನ್‌ವರೆಗೆ. “ಇಷ್ಟೇನಾ? ಒಂದು ಗೇಣಿಲ್ಲ,” ಎಂದಳು. ಪುಟ್ಟಲಕ್ಷ್ಮಿ ಒಳಗಿನಿಂದ ತಂದುಕೊಟ್ಟ ಗಂಜಿಯನ್ನು ಕುಡಿದಳು.

ಅಕ್ಟೋಬರ್ ಮೊದಲ ವಾರ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಗಡ್ಡ ಬೆಳೆದ, ಕಾಲಿಗೆ ಬೇರೆ ಯಾರದೋ ಚಪ್ಪಲಿ ಹಾಕಿದ ಒಬ್ಬ ಇಳಿದ. ಮಗ ಬಂದನೆಂದು ಲಿಂಗಮ್ಮನ ಕೂಗು ಮೂರು ಲೈನಿಗೆ ಕೇಳಿಸಿತು.

ಆ ಭಾನುವಾರ ಗೋಪಾಳದಿಂದ ಮೇಷ್ಟ್ರೂ ಬಂದರು. ಭಾಷಣಕ್ಕೆ ಪ್ರೊಫೆಸರರನ್ನು ಕರೆದಿರಲಿಲ್ಲ. ಯೋಗರಾಜನೇ ಮಾತಾಡಿದ. ಒಂದು ಬಾಟಲಿ ನೀರಿಗೆ ಎಷ್ಟು ಜನ ಕೈ ಚಾಚಿದರು, ಮರಳಿನಲ್ಲಿ ಹನ್ನೊಂದು ದಿನ ಟೆಂಟಿನಲ್ಲಿ ಹೇಗೆ ಕಳೆದರು, ಬಾಗ್ದಾದಿನಲ್ಲಿ ಒಬ್ಬ ಮುದುಕಿ ಹೆಸರೂ ಕೇಳದೆ ರೊಟ್ಟಿ ಕೊಟ್ಟಿದ್ದು. ಇನ್ನೂರು ಜನ ಉಸಿರು ಬಿಡದೆ ಕೇಳಿದರು. ಅದಕ್ಕೂ ಮೊದಲು ದುರ್ಗಮ್ಮ ಎದ್ದು ಬಂದು ಅರಿಸಿನದ ಡಬ್ಬಿ ತೆರೆದು, ಆ ತುಂಡನ್ನು ಗೂಡಿನಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು.

“ಕೂತ್ಕೊಂತು. ಇನ್ನು ಶುರು ಮಾಡಿ,” ಎಂದಳು.

ಅಂದಿನಿಂದ ನ್ಯೂ ಟೌನಿನ ಸಭೆ ಶುರುವಾಗುವುದು ಹಾಗೆಯೇ. ತುಂಡು ಅವಳ ಮನೆಯಲ್ಲೇ ಇರುತ್ತದೆ. ಅವಳು ಗಾಡಿ ತೊಳೆದಿಟ್ಟು ಬಂದು ಕೂರಿಸುವವರೆಗೆ ಯಾರೂ ಬಾಯಿ ತೆರೆಯುವಂತಿಲ್ಲ. ಮಾರನೆಯ ವರ್ಷ ಸೋವಿಯತ್ ದೇಶ ಒಡೆದಾಗ ರಂಗಪ್ಪ ಆ ದೊಡ್ಡ ಹಲಗೆಯನ್ನು ಗರಗಸಕ್ಕೆ ಕೊಟ್ಟು ಹದಿನೈದು ಮಾಡಿದ. ಈ ಸಲ ಯಾವ ಚಿಕ್ಕದನ್ನೂ ಬಿಡಲಿಲ್ಲ, ಮೊದಲು ಕೂರಿಸಿದ್ದೇ ಚಿಕ್ಕವನ್ನು. ಒಬ್ಬ ಲೆಕ್ಚರರು, “ಆ ಹಳದಿ ತುಂಡು ಕೊಳಕಾಗಿದೆ, ಹೊಸದು ಮಾಡಿ ರಂಗಪ್ಪ” ಎಂದಿದ್ದಕ್ಕೆ ಅವರಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಮತ್ತೆ ಅದೇ ಮೂಲೆಯಲ್ಲಿ ಯುದ್ಧ. ರಂಗಪ್ಪ ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದ, ಕನ್ನಡಕ ದಪ್ಪವಾಗಿತ್ತು. ದುರ್ಗಮ್ಮ ಬಂದು ತುಂಡು ಕೂರಿಸಿದಳು. ಯಾವಾಗಿನಂತೆ ಹಿಂದೆ ಹೋಗಿ ಕೂರಲಿಲ್ಲ. ಬೆರಳನ್ನು ಮೇಲೆ ಸರಿಸಿ ಬಸ್ರಾದ ಮೇಲಿಟ್ಟಳು.

“ಇಲ್ಲಿ ಬಾಂಬು ಬೀಳ್ತಾವಂತೆ. ಇಲ್ಲಿರೋ ಹೆಂಗಸ್ರು ಗಂಡಂದಿರನ್ನ ಯಾರತ್ರ ಕೇಳ್ತಾರೆ ರಂಗಣ್ಣ? ಅವ್ರಿಗೆ ಹೊರಗೆ ಹೋಗೋಕೆ ದಾರಿ ಯಾವುದು?”

ರಂಗಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಗೊತ್ತಿಲ್ಲ ದುರ್ಗಮ್ಮ. ಕೇಳ್ಕೊಂಡು ಬರ್ತೀನಿ.”

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವನು ಗೋಪಾಳಕ್ಕೆ ಹೊರಟ.