ನಮ್ಮ ಟಿವಿ ಕನ್ನಡ ಮಾತಾಡಿದ ದಿನ

ಇಂದು ಇಂಟರ್ನೆಟ್ ಜೋಡಿಸಲು ಬಂದವನು ಗೋಡೆ ಕೊರೆದಾಗ ಸಿಮೆಂಟ್ ಧೂಳಿನ ವಾಸನೆ ಮೂಗಿಗೆ ಬಡಿಯಿತು. ನಾನು ಒಮ್ಮೆಲೇ ಎಂಟು ವರ್ಷದ ಹುಡುಗಿಯಾದೆ.

ಗಡಿಯಾಚೆಯ ಮರಾಠಿ ಊರು ನಿಲಂಗಾದ ನಮ್ಮ ಮನೆಗೆ ಆಗಷ್ಟೇ ಟಿವಿ ಬಂದಿತ್ತು. ಓಣಿಯವರೆಲ್ಲ ಕೇಬಲ್ ಹಾಕಿಸಿದ್ದರಿಂದ ಅಪ್ಪನೂ ಕೇಬಲ್‌ನವನನ್ನು ಕರೆಸಿದ. ಅವನು ಗೋಡೆ ಕೊರೆದು ವೈರು ಎಳೆಯುವಾಗ, ಅಪ್ಪನ ಮಾತಿಗೆ ಎಂದೂ ಎದುರಾಡದ ಅವ್ವ ಅಡುಗೆಮನೆಯಿಂದ ಹೊರಬಂದಳು. ಆಕೆ ಬೀದರ ಕಡೆಯ ಭಾಲ್ಕಿಯ ಮಗಳು. ಇಲ್ಲಿ ಆಕೆಯ ಕನ್ನಡ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

“ಇದರಾಗ ಕನ್ನಡ ಬರ್ತದೇನ್ರೀ ಭಾವೂ?”

“ನಾಹೀ ತಾಈ. ಫಕ್ತ ಮರಾಠಿ, ಹಿಂದಿ.”

“ಹಂಗಾರ ನಮಗ ಬ್ಯಾಡ್ರೀ.”

ಅಪ್ಪ ಬೆರಗಾಗಿ ನೋಡಿ, ಕೇಬಲ್‌ನವನನ್ನು ಕಳಿಸಿಬಿಟ್ಟ. ಮರುದಿನ ಉದಗೀರಕ್ಕೆ ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಡಿಶ್ ತಂದ. ತಾನೇ ಮಾಳಿಗೆ ಹತ್ತಿ ಅದನ್ನು ತಿರುಗಿಸತೊಡಗಿದ. ನಾನು ಮೆಟ್ಟಿಲ ಮೇಲೆ ನಿಂತು ಮೇಲಕ್ಕೂ ಕೆಳಕ್ಕೂ ಸುದ್ದಿ ಮುಟ್ಟಿಸುತ್ತಿದ್ದೆ.

“ಬಂತೇನ?”

“ಇಲ್ಲಪ್ಪಾ!”

“ಈಗ?”

ಒಳಗಿನಿಂದ ಅವ್ವ ಕೂಗಿದಳು: “ಬಂತ್ರೀ, ಬಂತು! ಕನ್ನಡ ಮಾತಾಡ್ಲಾಕತ್ತಾಳ ನೋಡ್ರಿ ಈಕಿ!”

ಟಿವಿಯಲ್ಲಿ ಒಬ್ಬಾಕೆ ವಾರ್ತೆ ಓದುತ್ತಿದ್ದಳು. ಬೀದರ ಕಡೆ ಒಳ್ಳೆಯ ಮಳೆಯಾಗಿದೆ ಎಂದಾಗ ಅವ್ವ ಚಪ್ಪಾಳೆಯನ್ನೇ ಹೊಡೆದಳು. “ನಮ್ಮೂರ ಕಡಿ ಮಳಿ ಆಗ್ಯಾದಂತ್ರೀ!” ಅಪ್ಪ ಕೈ ಕೂಡ ತೊಳೆಯದೆ ಆಕೆಯ ಪಕ್ಕದಲ್ಲೇ ಕುಳಿತ. ಜಾಹೀರಾತುಗಳನ್ನೂ ಬಿಡದೆ ನೋಡಿದೆವು.

ಈಗ ಇಂಟರ್ನೆಟ್ ಶುರುವಾಗಿದೆ. ಅವ್ವ ತನ್ನ ತಂಗಿಯ ಜೊತೆ ವಿಡಿಯೊ ಕರೆಯಲ್ಲಿ ಕುಳಿತು ಎರಡು ತಾಸಾಯಿತು. ಕೈಸನ್ನೆಯಲ್ಲೇ ನನಗೆ ಅಪ್ಪಣೆಯಾಗಿದೆ: ಇವತ್ತು ರೊಟ್ಟಿ ನೀನೇ ಬಡಿ.