ಹದಿನಾರಕ್ಕೆ ಇಳಿಸಿದ ಗಾಳಿ

ಜೀಪು ಓಡಿಸುವ ಹೆಂಗಸು ಎಂದರೆ ಗಟ್ಟಿಗಿತ್ತಿ ಎಂದು ಜನ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ನಾನು ಅದನ್ನು ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಮೊದಲಿನಿಂದಲೂ ಪುಕ್ಕಲು. ಗುಬ್ಬಿಯ ಮನೆಯಿಂದ ಹೊರಡುವ ಮುಂಚೆ ನಾಲ್ಕೂ ಟೈರುಗಳನ್ನು ಕಾಲಿನಿಂದ ಒತ್ತಿ ನೋಡದಿದ್ದರೆ ದಾರಿಯುದ್ದಕ್ಕೂ ನನಗೆ ಸಮಾಧಾನವಿರುವುದಿಲ್ಲ.

ನಾನು ಪಶುವೈದ್ಯೆ. ಸಿ.ಎಸ್. ಪುರದ ಕಡೆಗೆ ವರ್ಗವಾಗಿ ಬಂದ ವರ್ಷ ನನ್ನ ಸಣ್ಣ ಕಾರಿನ ಹೊಟ್ಟೆ ಹೊಲದ ದಾರಿಗಳಲ್ಲಿ ಕಲ್ಲಿಗೆ ಉಜ್ಜಿ ಉಜ್ಜಿ ಎರಡು ಸಲ ಎಣ್ಣೆ ಸೋರಿತು. ಆಮೇಲೆ ಹಳೆಯದೊಂದು ಫೋರ್‌ವೀಲ್ ಜೀಪು ಕೊಂಡೆ. ಅದರ ಟೈರುಗಳನ್ನು ತೋರಿಸಲು ತುಮಕೂರಿನಲ್ಲಿ ಹಿರೇಹಳ್ಳಿ ಕಡೆಗೆ ಹೋಗುವ ರಸ್ತೆಯ ಒಂದು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವರು ಅರವತ್ತು ದಾಟಿದ ಸಾಬರು. ಪ್ರಾಯದಲ್ಲಿ ಹನ್ನೆರಡು ವರ್ಷ ಸೌದಿಯಲ್ಲಿ ಡ್ರೈವರಾಗಿದ್ದವರು. ಎಲ್ಲರೂ ಅವರನ್ನು ಭಾಯ್ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

"ಎಲ್ಲಿ ಓಡಿಸ್ತೀರಾ ಮೇಡಂ?" ಎಂದು ಕೇಳಿದರು.

"ಟಾರ್ ರೋಡು, ಹೊಲದ ದಾರಿ, ಒಂದೊಂದ್ಸಲ ಹಳ್ಳದ ಮರಳು."

"ಹಂಗಾದ್ರೆ ಮೂರಕ್ಕೂ ಒಂದೇ ಗಾಳಿ ಇಟ್ಕೊಂಡು ಓಡಾಡ್ಬೇಡಿ. ಟಾರಿಗೆ ಮೂವತ್ತು ಪೌಂಡು. ಮಣ್ಣು, ಕಲ್ಲು ಇದ್ರೆ ಇಪ್ಪತ್ನಾಲ್ಕು. ಮರಳಿಗೆ ಹದಿನಾರು, ಹದಿನೆಂಟು. ಹನ್ನೆರಡಕ್ಕಿಂತ ಕೆಳಗೆ ನಾನೇ ಹೇಳಿದ್ರೂ ಇಳಿಸ್ಬೇಡಿ."

ಗಾಳಿ ಕಡಿಮೆಯಾದರೆ ಗಾಡಿ ಇನ್ನಷ್ಟು ಹೂತುಕೊಳ್ಳುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. "ಮನೇಲಿ ಹಿಟ್ಟಿನ ಡಬ್ಬಕ್ಕೆ ಬೆರಳು ಒತ್ತಿ ನೋಡಿ, ಒಳಗೆ ಹೋಗುತ್ತೆ. ಅಂಗೈ ಇಡಿ, ಮೇಲೇ ನಿಲ್ಲುತ್ತೆ. ಗಾಳಿ ಬಿಟ್ಟ ಟೈರು ಅಂಗೈ ಇದ್ದಂಗೆ. ಅಗಲ ಆಗೋದು ಸ್ವಲ್ಪ, ಉದ್ದ ಆಗೋದೇ ಜಾಸ್ತಿ."

ಅಲ್ಲಿಗೆ ಮಾತು ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಅವರು ಒಂದು ಸೀಮೆಸುಣ್ಣ ತೆಗೆದುಕೊಂಡು ಟೈರಿನಿಂದ ರಿಮ್ಮಿನವರೆಗೆ ಒಂದು ಗೆರೆ ಎಳೆದರು. "ನಿಮ್ದು ಟ್ಯೂಬ್ ಇರೋ ಟೈರು. ಗಾಳಿ ಕಮ್ಮಿ ಇದ್ದಾಗ ಟೈರು ರಿಮ್ ಮೇಲೆ ಜಾರುತ್ತೆ, ಅದರ ಜೊತೆ ಟ್ಯೂಬೂ ಜಾರುತ್ತೆ. ವಾಲ್ವ್ ಮಾತ್ರ ರಿಮ್ಮಿನ ತೂತಲ್ಲಿ ಸಿಕ್ಕೊಂಡಿರುತ್ತೆ. ಕಿತ್ಕೊಂಡು ಬಂತು ಅಂದ್ರೆ ಮುಗೀತು. ಈ ಗೆರೆ ಮುರಿದಿದ್ರೆ ಜಾರಿದೆ ಅಂತ ಅರ್ಥ."

ಅವರು ಹೇಳಿದ ಸಂಖ್ಯೆಗಳನ್ನೆಲ್ಲ ಬರೆದುಕೊಂಡೆ. ಆದರೆ ತಲೆಯಲ್ಲಿ ನಿಂತದ್ದು ಕಿತ್ತುಕೊಂಡು ಬರುವ ವಾಲ್ವ್ ಒಂದೇ. ಆಮೇಲೆ ಎರಡು ಮಳೆಗಾಲ ಕಳೆದರೂ ಇಪ್ಪತ್ನಾಲ್ಕಕ್ಕಿಂತ ಕೆಳಗೆ ನಾನು ಇಳಿಸಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫೋನು ಬಂತು. ಕುಣಿಗಲ್ ತಾಲ್ಲೂಕಿನ ಗಡಿಗೆ ತಾಗಿಕೊಂಡಿರುವ ಒಂದು ಹಳ್ಳಿಯ ಹೆಂಗಸು, ನನ್ನದೇ ವಯಸ್ಸಿನವರು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು.

"ಡಾಕ್ಟ್ರಮ್ಮ, ನಮ್ಮ ಹಸ ಬೆಳಿಗ್ಗೆ ಐದರಿಂದ ನೋಯ್ತಾ ಅದೆ. ನೀರ್ಚೀಲ ಒಡ್ದು ಬಾಳ ಹೊತ್ತಾಯ್ತು. ಕಾಲು ಎರಡೂ ಕಾಣ್ತವೆ, ತಲೆ ಕಾಣ್ತಿಲ್ಲ."

ಕರು ಕತ್ತನ್ನು ಹಿಂದಕ್ಕೆ ತಿರುಗಿಸಿಕೊಂಡಿದೆ ಎಂದು ನನಗೆ ಅಲ್ಲೇ ಅನಿಸಿತು. ಅಲ್ಲಿಗೆ ಹತ್ತಿರವಿದ್ದ ಕೊತ್ತಗೆರೆ ಕಡೆಯ ಡಾಕ್ಟರು ಆ ವಾರ ತರಬೇತಿಗೆ ಹೋಗಿದ್ದರು. ಹಗ್ಗ, ಗ್ಲೂಕೋಸ್ ಬಾಟಲಿ, ಔಷಧದ ಪೆಟ್ಟಿಗೆ, ಎರಡು ಕ್ಯಾನು ನೀರು ಎಲ್ಲವನ್ನೂ ಜೀಪಿನ ಹಿಂಭಾಗಕ್ಕೆ ತುಂಬಿದೆವು. ಜೊತೆಗೆ ನಮ್ಮ ಆಸ್ಪತ್ರೆಯ ಸಹಾಯಕರು ಹತ್ತಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ.

ಆ ಹಳ್ಳಿಗೆ ಎರಡು ದಾರಿ. ನೇರ ದಾರಿಯ ನಡುವೆ ಒಂದು ಹಳ್ಳ. ಹಿಂದಿನ ಮಳೆಗಾಲದಲ್ಲಿ ಅದರ ಮೋರಿ ಕೊಚ್ಚಿಹೋಗಿ, ನೀರು ಇಳಿದ ಮೇಲೆ ಬರೀ ಮರಳು ಉಳಿದಿತ್ತು. ಟ್ರಾಕ್ಟರುಗಳು ಮಾತ್ರ ದಾಟುತ್ತಿದ್ದವು. ಇನ್ನೊಂದು ಸುತ್ತು ದಾರಿ.

"ಸುತ್ತಾಕ್ಕೊಂಡೇ ಹೋಗಣ ಮೇಡಂ" ಎಂದರು ಅಣ್ಣ. "ಮುಕ್ಕಾಲ್ ಗಂಟೆ ಜಾಸ್ತಿ ಆಗ್ಬೋದು. ಆದ್ರೆ ತಲುಪೋದು ಗ್ಯಾರಂಟಿ."

"ಐದು ಗಂಟೆಯಿಂದ ನೋಯ್ತಿದೆ ಅಣ್ಣ. ಹಳ್ಳ ದಾಟಿದ್ರೆ ಹತ್ತು ನಿಮಿಷ."

"ನಿಮ್ಮಿಷ್ಟ" ಎಂದರು ಅವರು.

ಹಳ್ಳದ ಅಂಚಿನಲ್ಲಿ ಜೀಪು ನಿಲ್ಲಿಸಿ ಇಳಿದೆ. ಆ ದಡಕ್ಕೆ ನೂರು ಹೆಜ್ಜೆಯೂ ಇರಲಿಲ್ಲ. ಚಪ್ಪಲಿ ಬಿಟ್ಟು ಅರ್ಧದವರೆಗೆ ನಡೆದು ನೋಡಿದೆ. ಅಂಚಿನಲ್ಲಿ ಗಟ್ಟಿಯಿದ್ದ ಮರಳು ನಡುವೆ ಪಾದವನ್ನು ಕಾಲಗಿಣ್ಣಿನವರೆಗೆ ಒಳಗೆ ಎಳೆದುಕೊಂಡಿತು. ನನ್ನ ಕಾಲೇ ಉತ್ತರ ಹೇಳಿತ್ತು. ಆದರೂ ವಾಪಸು ಬಂದು, ಸೀಮೆಸುಣ್ಣದಲ್ಲಿ ನಾಲ್ಕು ಚಕ್ರಕ್ಕೂ ಗೆರೆ ಎಳೆದು, ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಡಲು ಕೂತಾಗ ಮತ್ತೆ ಅದೇ ಹೆದರಿಕೆ ಹಿಡಿಯಿತು. ಮರಳಿನ ಮಧ್ಯದಲ್ಲಿ ವಾಲ್ವ್ ಕಿತ್ತುಹೋದರೆ? ಇರುವುದು ಒಂದೇ ಸ್ಟೆಪ್ನಿ. ಗೇಜು ಇಪ್ಪತ್ನಾಲ್ಕು ತೋರಿಸಿದ ಕೂಡಲೇ ಕೈ ತೆಗೆದುಬಿಟ್ಟೆ. ಇಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಅರವತ್ತು ಹೆಜ್ಜೆ ದೂರ ಜೀಪು ಚೆನ್ನಾಗಿಯೇ ಹೋಯಿತು. ಆಮೇಲೆ ಇಂಜಿನ್ನಿನ ದನಿ ಕುಗ್ಗಿತು. ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಗಾಬರಿಯಲ್ಲಿ ಆಕ್ಸಿಲೇಟರ್ ಒತ್ತಿ ಹಿಡಿದೆ. ಚಕ್ರಗಳು ಗಿರ್ರನೆ ತಿರುಗಿ ಮರಳು ಹಿಂದಕ್ಕೆ ಚಿಮ್ಮಿತು, ಕ್ಲಚ್ಚು ಸುಟ್ಟ ವಾಸನೆ ಬಂತು, ಜೀಪಿನ ಹಿಂಭಾಗ ನಿಧಾನವಾಗಿ ಕುಕ್ಕರಿಸಿತು. ಇಂಜಿನ್ ಆರಿಸಿ ಇಳಿದು ನೋಡಿದರೆ ಹಿಂದಿನ ಚಕ್ರಗಳು ಅರ್ಧ ಮುಳುಗಿದ್ದವು.

ಅಣ್ಣ ಕೆಳಗಿಳಿದರು. ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ಗುದ್ದಲಿ ತೆಗೆದುಕೊಂಡರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಭಾಯ್‌ಗೆ ಫೋನು ಮಾಡಿದೆ. ಎರಡು ಸಲ ಕಟ್ಟಾಗಿ ಮೂರನೆಯ ಸಲ ಸಿಕ್ಕರು.

"ಎಷ್ಟಿದೆ ಗಾಳಿ?"

"ಇಪ್ಪತ್ನಾಲ್ಕು."

"ಅದು ಮಣ್ಣಿನ ದಾರಿಗೆ ಹೇಳಿದ್ದು ಮೇಡಂ."

"ವಾಲ್ವ್ ಕಿತ್ಕೊಂಡ್ರೆ ಅಂತ ಭಯ ಆಯ್ತು ಭಾಯ್."

"ಹೆದ್ರಿಕೊಂಡು ಅರ್ಧ ಇಳಿಸಿದ್ರೆ ಅದೂ ಇಲ್ಲ, ಇದೂ ಇಲ್ಲ. ಈಗ ಕೇಳಿ. ಹಿಂದಿರೋ ಸಾಮಾನು ಎಲ್ಲಾ ಕೆಳಗಿಳಿಸಿ. ನಾಲ್ಕೂ ಹದಿನಾರು ಮಾಡಿ. ಚಕ್ರದ ಹಿಂದೆ ಮುಂದೆ ಮರಳು ತೆಗೀರಿ. ಮುಂದಕ್ಕೆ ಹೋಗೋಕೆ ನೋಡ್ಬೇಡಿ, ಬಂದ ಜಾಡಲ್ಲೇ ಹಿಂದಕ್ಕೆ ಬನ್ನಿ. ಗಟ್ಟಿ ಜಾಗ ಸಿಕ್ಕಿದ್ಮೇಲೆ ಒಂದೇ ಸ್ಪೀಡಲ್ಲಿ, ಸ್ಟೇರಿಂಗ್ ತಿರುಗಿಸ್ದೆ, ಬ್ರೇಕ್ ಒತ್ದೆ ದಾಟಿ."

ಗಾಳಿ ಇಳಿಸಲು ಇಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ. ಮುಳುಗಿದ ಚಕ್ರದ ವಾಲ್ವು ಮರಳಿನೊಳಗಿತ್ತು, ಅದನ್ನು ಕೈಯಿಂದ ಬಗೆದು ತೆಗೆಯಬೇಕಾಯಿತು. ಪಿನ್ನು ಒತ್ತುವುದು, ಗೇಜು ಇಟ್ಟು ನೋಡುವುದು, ಮತ್ತೆ ಒತ್ತುವುದು. ಇಪ್ಪತ್ತೆರಡು. ಇಪ್ಪತ್ತು. ಹತ್ತೊಂಬತ್ತು. ಅಷ್ಟರಲ್ಲಿ ಆ ಹೆಂಗಸಿನ ಫೋನು ಮತ್ತೆ ಬಂತು. ಪರದೆಯ ಮೇಲೆ ಹೆಸರು ನೋಡುತ್ತಾ ಕೂತೆ, ಎತ್ತಲು ಧೈರ್ಯ ಬರಲಿಲ್ಲ. ಅಣ್ಣ ಫೋನು ಇಸಿದುಕೊಂಡರು.

"ಹಳ್ಳದಾಗೆ ಇದೀವಿ ಕಣವ್ವ. ಬಿಸ್ನೀರು ಕಾಸಿಟ್ಟಿರು. ಕರುನ ಎಳ್ಯಕ್ಕೆ ಯಾರ್ಗೂ ಬುಡ್ಬೇಡ."

ಅವರು ಸುಳ್ಳು ಹೇಳಲಿಲ್ಲ, ನನ್ನನ್ನು ಬಿಟ್ಟುಕೊಡಲೂ ಇಲ್ಲ.

ಹದಿನಾರಕ್ಕೆ ಬಂದಾಗ ಟೈರುಗಳು ಕೆಳಗೆ ಹೊಟ್ಟೆ ಬಿಟ್ಟುಕೊಂಡು, ನೋಡಲು ಪಂಕ್ಚರ್ ಆದಂತೆಯೇ ಇದ್ದವು. ರಿವರ್ಸ್ ಹಾಕಿ ಮೆಲ್ಲಗೆ ಕ್ಲಚ್ಚು ಬಿಟ್ಟೆ. ಜೀಪು ಒಮ್ಮೆ ಅಲುಗಿತು, ನಿಂತಿತು, ಮತ್ತೆ ಅಲುಗಿ ನಿಧಾನವಾಗಿ ಗುಂಡಿಯಿಂದ ಎದ್ದು ತನ್ನ ಜಾಡಿನಲ್ಲೇ ಹಿಂದಕ್ಕೆ ಬಂತು. ಎರಡನೆಯ ಸಲ ಮುಂದಕ್ಕೆ ಹೊರಟಾಗ ಸ್ಟೇರಿಂಗ್ ಭಾರವಾಗಿತ್ತು, ಗಾಡಿ ದೋಣಿಯಂತೆ ತುಯ್ಯುತ್ತಿತ್ತು. ಆದರೆ ಮುಳುಗಲಿಲ್ಲ. ದಡ ಹತ್ತಿ ನಿಂತಾಗ ಅಣ್ಣ ಔಷಧದ ಪೆಟ್ಟಿಗೆ ಹೊತ್ತುಕೊಂಡು ಮರಳಿನಲ್ಲಿ ನಡೆದು ಬರುತ್ತಿದ್ದುದು ಕನ್ನಡಿಯಲ್ಲಿ ಕಾಣಿಸಿತು. ಉಳಿದ ಸಾಮಾನಿಗೆ ಇಬ್ಬರೂ ಇನ್ನೊಂದು ಸಲ ಹೋಗಿ ಬಂದೆವು.

ಮುಂದೆ ಎರಡು ಕಿಲೋಮೀಟರು ಕಲ್ಲಿನ ದಾರಿ. ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪು ನನ್ನ ಬಳಿ ಇತ್ತು, ಆದರೆ ಒಂದೊಂದು ಟೈರಿಗೆ ಅದು ಐದಾರು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟು ಸಮಯ ಎಲ್ಲಿಂದ ತರಲಿ? ಹದಿನಾರರಲ್ಲೇ ನಡಿಗೆಯ ವೇಗದಲ್ಲಿ ಹೋದೆ. ಚೂಪು ಕಲ್ಲು ಕಂಡಾಗಲೆಲ್ಲ ಟೈರಿನ ಮಗ್ಗುಲು ಹರಿಯಿತು ಎಂದೇ ಅನಿಸುತ್ತಿತ್ತು. ಬಾಗಿಲಿನಿಂದ ತಲೆ ಹೊರಗೆ ಹಾಕಿ ಚಕ್ರ ನೋಡುವುದು, ಮುಂದೆ ನೋಡುವುದು, ಗಡಿಯಾರ ನೋಡುವುದು. ಮನೆ ಮುಟ್ಟುವಾಗ ಹೊರಟು ಎಷ್ಟು ಹೊತ್ತಾಗಿತ್ತು ಎಂದರೆ, ಸುತ್ತು ದಾರಿಯಲ್ಲಿ ಬಂದಿದ್ದರೆ ಹತ್ತು ನಿಮಿಷ ಮೊದಲೇ ತಲುಪುತ್ತಿದ್ದೆವು.

ಹಸು ಕೊಟ್ಟಿಗೆಯ ಮುಂದೆ ಮಲಗಿಬಿಟ್ಟಿತ್ತು. ಸೋಪು ಹಚ್ಚಿ ಕೈ ಒಳಗೆ ಹಾಕಿದೆ. ನಾನು ಅಂದುಕೊಂಡಂತೆ ಕತ್ತು ಎಡಕ್ಕೆ ಮಡಿಸಿಕೊಂಡಿತ್ತು. ಕರುವಿನ ಗೊರಸಿನ ಸಂದಿಯನ್ನು ಜೋರಾಗಿ ಚಿವುಟಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಚಿವುಟಿದಾಗ ಕಾಲು ಸಣ್ಣಗೆ ಹಿಂದಕ್ಕೆ ಎಳೆದುಕೊಂಡಂತಾಯಿತು. ಅದು ನಿಜವೋ, ನನ್ನ ಆಸೆಯೋ ಗೊತ್ತಾಗಲಿಲ್ಲ. ಕರುವನ್ನು ಒಳಕ್ಕೆ ತಳ್ಳಿ, ದವಡೆಗೆ ಬೆರಳು ಸಿಕ್ಕಿಸಿ, ಮುಖವನ್ನು ದಾರಿಗೆ ತರುವಷ್ಟರಲ್ಲಿ ನನ್ನ ತೋಳು ಮರಗಟ್ಟಿತ್ತು. ಹಸು ತಿಣುಕಿದಾಗ ಅಣ್ಣ ಕರುವಿನ ಕಾಲಿಗೆ ಕಟ್ಟಿದ ಹಗ್ಗ ಎಳೆದು, ಅದು ನಿಲ್ಲಿಸಿದಾಗ ಸಡಿಲ ಬಿಟ್ಟರು.

ಹೊರಗೆ ಬಿದ್ದ ಕರು ಉಸಿರಾಡಲಿಲ್ಲ. ಮೂಗು ಬಾಯಿ ಒರೆಸಿ, ಒಣಹುಲ್ಲಿನ ಕಡ್ಡಿಯಿಂದ ಮೂಗಿನೊಳಗೆ ಕೆಣಕಿ, ಎದೆ ಉಜ್ಜಿದೆ. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕೊನೆಗೆ ಒಂದು ಸೀನು ಬಂತು. ಆಮೇಲೆ ಇನ್ನೊಂದು. ಹೆಣ್ಣು ಕರು.

ಹಸುವಿಗೆ ಬಾಟಲಿ ಏರಿಸಿ ಕೂತಿದ್ದಾಗ ಅವರು ಕೇಳಿದರು. "ಇನ್ನೊಸಿ ಹೊತ್ತಾಗಿದ್ರೆ ಸತ್ತೋಗ್ತಿತ್ತಾ ಡಾಕ್ಟ್ರಮ್ಮ?"

"ಹೋಗ್ತಿತ್ತು ಅನ್ಸುತ್ತೆ." ಅಷ್ಟಕ್ಕೇ ನಿಲ್ಲಿಸಲು ಆಗಲಿಲ್ಲ. "ನಾನು ಸುತ್ತಾಕ್ಕೊಂಡು ಬರ್ಬೇಕಿತ್ತು. ಹಳ್ಳದಲ್ಲಿ ಸಿಕ್ಕಾಕ್ಕೊಂಡು ತಡ ಮಾಡ್ದೆ. ಅಣ್ಣ ಬೇಡ ಅಂದಿದ್ರು."

ಅವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು. "ಬಂದ್ರಲ್ಲ. ಕೈ ತೊಳ್ಕಳಿ, ಕಾಪಿ ಕಾಸ್ತೀನಿ" ಎಂದು ಒಳಗೆ ಹೋದರು.

ಹೊರಡುವ ಮೊದಲು ಪಂಪು ಸಿಕ್ಕಿಸಿ ಸೀಮೆಸುಣ್ಣದ ಗೆರೆಗಳನ್ನು ನೋಡಿದೆ. ಮೂರು ಚಕ್ರದಲ್ಲಿ ನೇರವಾಗಿದ್ದವು. ಹಿಂದಿನ ಎಡ ಚಕ್ರದಲ್ಲಿ ಟೈರಿನ ಗೆರೆ ರಿಮ್ಮಿನ ಗೆರೆಯಿಂದ ಎರಡು ಬೆರಳು ಸರಿದಿತ್ತು, ವಾಲ್ವು ಓರೆಯಾಗಿತ್ತು. ಅದನ್ನೇ ಬಿಚ್ಚಿ ಸ್ಟೆಪ್ನಿ ಹಾಕಿದೆವು. ಉಳಿದವಕ್ಕೆ ಇಪ್ಪತ್ನಾಲ್ಕು ತುಂಬಿಸಿ ಸುತ್ತು ದಾರಿ ಹಿಡಿದೆವು. ಟಾರ್ ರಸ್ತೆ ಸಿಕ್ಕಲ್ಲಿ ಮತ್ತೆ ಮೂವತ್ತಕ್ಕೆ ಏರಿಸಲು ಹೊರಟರೆ ಮೂರನೆಯ ಟೈರಿಗೆ ಪಂಪು ಕಾದು ನಿಂತುಹೋಯಿತು. ಅದು ತಣ್ಣಗಾಗುವವರೆಗೆ ಇಬ್ಬರೂ ಹುಣಸೆ ಮರದ ಕೆಳಗೆ ಕೂತೆವು. ಗಾಳಿ ಕಡಿಮೆಯಿರುವ ಟೈರು ಟಾರಿನಲ್ಲಿ ಜೋರಾಗಿ ಓಡಿದರೆ ಬಿಸಿಯಾಗಿ ಸಿಡಿಯುತ್ತದೆ ಎಂದು ಅಣ್ಣನಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಬಹುಶಃ ಮಾತಾಡದಿದ್ದರೆ ನಾನು ಅಳುತ್ತೇನೆಂದು ಅವರಿಗೆ ಗೊತ್ತಾಗಿತ್ತು.

ಮರುದಿನ ಭಾಯ್ ಆ ಟ್ಯೂಬು ಹೊರಗೆ ತೆಗೆದು, ವಾಲ್ವಿನ ಬುಡವನ್ನು ಬಗ್ಗಿಸಿ ತೋರಿಸಿದರು. ಉಗುರಿನಷ್ಟು ಉದ್ದ ಬಿರುಕು ಬಿಟ್ಟಿತ್ತು.

"ನೋಡಿ, ನಾನು ಹೆದರಿದ್ದು ಸರಿಯಾಗೇ ಇತ್ತು" ಎಂದೆ.

"ಇಲ್ಲ ಮೇಡಂ. ಗಾಳಿ ಇಳಿಸಿದ್ದು ಒಂದೇ ಆಗಿದ್ರೆ ಇಷ್ಟು ಆಗ್ತಿರ್ಲಿಲ್ಲ. ಹೂತ್ಕೊಂಡಿರೋ ಚಕ್ರಾನ ಆಕ್ಸಿಲೇಟರ್ ಒತ್ತಿ ತಿರುಗಿಸಿದ್ರಲ್ಲ, ಅದಕ್ಕೆ." ಟ್ಯೂಬನ್ನು ಕೆಳಗಿಟ್ಟರು. "ತಪ್ಪು ನಂದೂ ಇದೆ. ಹೆದರ್ಸೋ ಮಾತು ಚೆನ್ನಾಗಿ ಹೇಳ್ದೆ. ಇಳಿಸೋದು ಹೆಂಗೆ ಅಂತ ಕೈ ಹಿಡಿದು ತೋರಿಸ್ಲಿಲ್ಲ."

ಒಂದು ಭಾನುವಾರ ಅವರೇ ಅಂಗಡಿ ಮುಚ್ಚಿ ನನ್ನ ಜೊತೆ ಹಳ್ಳಕ್ಕೆ ಬಂದರು. ಇಪ್ಪತ್ನಾಲ್ಕು, ಇಪ್ಪತ್ತು, ಹದಿನೆಂಟು, ಹದಿನಾರು, ಒಂದೊಂದರಲ್ಲೂ ಅಂಚಿನ ಮರಳಿನಲ್ಲಿ ಜೀಪು ನಿಲ್ಲಿಸಿ, ನೆಲ ಮುಟ್ಟಿದ ಟೈರಿನ ಉದ್ದವನ್ನು ಗೇಣಿನಲ್ಲಿ ಅಳೆಸಿದರು. ಹಿಂದೆ ಭಾರವಿದ್ದರೆ ಹಿಂದಿನವಕ್ಕೆ ಎರಡು ಜಾಸ್ತಿ ಇರಲಿ ಎಂದರು. ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ ಗಾಳಿಯೇ ನಿಜವಾದ ಲೆಕ್ಕ, ಓಡಿ ಬಿಸಿಯಾದ ಮೇಲೆ ಗೇಜು ಹೆಚ್ಚು ತೋರಿಸುತ್ತದೆ ಎಂದರು. ಎಂಟು ಸಲ ಆ ದಡಕ್ಕೆ ಹೋಗಿ ಬಂದೆ. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಆದರೂ ಪ್ರತಿ ಸಲವೂ ಇಳಿದು ಸೀಮೆಸುಣ್ಣದ ಗೆರೆಗಳನ್ನು ನೋಡುತ್ತಲೇ ಇದ್ದೆ.

ಬೇಸಿಗೆಯಲ್ಲಿ ಅದೇ ಹಳ್ಳಿಯಿಂದ ಮತ್ತೆ ಫೋನು ಬಂತು. ಇನ್ನೊಬ್ಬರ ಮನೆಯ ಎಮ್ಮೆಗೆ ಎರಡು ದಿನದಿಂದ ಜ್ವರ, ಮೇವು ಮುಟ್ಟುತ್ತಿಲ್ಲ. ಮೋರಿ ಇನ್ನೂ ಕಟ್ಟಿರಲಿಲ್ಲ. ಕವಲು ದಾರಿಯಲ್ಲಿ ಜೀಪು ನಿಧಾನ ಮಾಡಿದೆ. ಹದಿನಾರಕ್ಕೆ ಇಳಿಸಿದರೆ ದಾಟಬಹುದೆಂದು ಈಗ ನನಗೆ ಗೊತ್ತಿತ್ತು. ಪಕ್ಕದಲ್ಲಿ ಅಣ್ಣ ಎದುರಿನ ಗಾಜನ್ನೇ ನೋಡುತ್ತಾ ಕೂತಿದ್ದರು.

"ಜ್ವರ ತಾನೇ ಅಣ್ಣ, ಮುಕ್ಕಾಲು ಗಂಟೆ ತಡೆಯುತ್ತೆ" ಎಂದು ಸುತ್ತು ದಾರಿಗೆ ತಿರುಗಿಸಿದೆ.

"ಹೂಂ, ತಡೀತದೆ" ಎಂದು ಅವರು ಎಲೆಅಡಿಕೆಯ ಚೀಲ ಬಿಚ್ಚಿದರು.